ಹೊಲಿಗೆಯ ಬಗ್ಗೆ ತಂಗಿ ಕೇಳಿದಾಗ

ಹೋದ ವಾರ ಗಂಗಾವತಿಯಲ್ಲಿ ತಂಗಿಯ ಕುಬಸ, ಅಂದರೆ ಸೀಮಂತ, ಆಯಿತು. ಹಸಿರು ಸೀರೆ, ಕೈತುಂಬ ಬಳೆ. ಉಡಿ ತುಂಬಿ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವಳು ನನ್ನನ್ನು ಒಳಕೋಣೆಗೆ ಕರೆದಳು. "ಅಕ್ಕಾ, ಕೆಳಗ ಹರೀತದಂತಲ್ಲ, ಹೊಲಿಗಿ ಹಾಕ್ತಾರಂತಲ್ಲ. ನಿನಗ ಭಾಳ ನೋವಾಗಿತ್ತೇನು?" ಬಾಗಿಲ ಕಡೆ ನೋಡುತ್ತಾ ಪಿಸುಮಾತಲ್ಲಿ ಕೇಳಿದಳು.

ಆಗಿತ್ತು. ಮುಚ್ಚಿಡದೆ ಹೇಳಿದೆ.

2018ರ ಮೇ ತಿಂಗಳು, ನಮ್ಮ ರಾಯಚೂರು ಜಿಲ್ಲೆಯ ಬಿಸಿಲು. ನನ್ನ ಮೊದಲ ಹೆರಿಗೆ. ಅಂಗಾತ ಮಲಗಿಸಿದ್ದರು. ಒಬ್ಬರು ಹೊಟ್ಟೆ ಒತ್ತುತ್ತಿದ್ದರು, ಉಳಿದವರು "ಜೋರ್ ಕೊಡು, ಜೋರ್ ಕೊಡು" ಅಂತ ಕೂಗುತ್ತಿದ್ದರು. ಕೂಸಿಗೆ ದಾರಿಯಾಗಲಿ ಅಂತ ಕೆಳಗೆ ಕೊಯ್ಯುತ್ತೇವೆ ಅಂತ ಯಾರೂ ಹೇಳಲಿಲ್ಲ. ಹೊಲಿಯುವಾಗಲೇ ನನಗೆ ಗೊತ್ತಾಗಿದ್ದು. ಸಿಂಧನೂರಿನ ಮನೆಗೆ ಬಂದ ಮೇಲೆ ಅವ್ವ ತನ್ನ ಹಳೇ ಕಾಟನ್ ಸೀರೆಯನ್ನು ಸಿಂಬೆ ಸುತ್ತಿ ಕೊಟ್ಟಳು. ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆಯ ಹಾಗೇ, ಅದಕ್ಕಿಂತ ದೊಡ್ಡದು. ಅದರ ಮೇಲೆ ಒಂದೇ ಮಗ್ಗಲಿಗೆ ಕೂತು ಕೂಸಿಗೆ ಹಾಲು ಕುಡಿಸಿದೆ. ಉಚ್ಚೆಗೆ ಹೋಗಬೇಕೆಂದರೆ ಅಳು ಬರುತ್ತಿತ್ತು. "ಎಲ್ಲರಿಗೂ ಆಗೋದ ಅದ" ಅಂದರು ನೋಡಲು ಬಂದವರು. ಆ ಮಾತು ಹೊಲಿಗೆಗಿಂತ ಜಾಸ್ತಿ ನೋಯಿಸಿತು.

ಯೋನಿಗೂ ಮಲದ್ವಾರಕ್ಕೂ ನಡುವೆ ಇರುವ ಆ ಜಾಗಕ್ಕೆ ಡಾಕ್ಟರು ಪೆರಿನಿಯಮ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರೇ ಇಲ್ಲ. ಹೊಲಿಗೆ ಬಿದ್ದ ಮೇಲೆ "ಹೊಲಿಗಿ ಹಾಕಿದ ಜಾಗ" ಆಗುತ್ತದೆ, ಅಷ್ಟೇ. ಹೆಸರಿಲ್ಲದ್ದನ್ನು ಮುಂಚೆಯೇ ಹೇಗೆ ತಯಾರು ಮಾಡೋದು, ಅಲ್ವಾ?

ಎಷ್ಟೋ ದಿನದ ಮೇಲೆ ಓದಿ ತಿಳಿದುಕೊಂಡೆ. ನನ್ನನ್ನು ಕೊಯ್ದ ಅದೇ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಬಗ್ಗೆ ಸಲಹೆಗಳನ್ನು ಪ್ರಕಟಿಸಿತ್ತು. ಎಲ್ಲರಿಗೂ ರೂಢಿಯಂತೆ ಕೊಯ್ಯಬೇಡಿ, ಕೂಸು ಹೊರಬರಲಿ ಅಂತ ಹೊಟ್ಟೆ ಒತ್ತಬೇಡಿ ಅಂತ ಅದರಲ್ಲಿದೆ. ಕೂಸಿನ ತಲೆ ಬರುವ ಹೊತ್ತಿಗೆ ಆ ಜಾಗಕ್ಕೆ ಬಿಸಿ ಬಟ್ಟೆ ಇಡಬಹುದು, ಕೈಯಿಂದ ಆಸರೆ ಕೊಡಬಹುದು ಅಂತಲೂ ಇದೆ. ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

2022ರಲ್ಲಿ ಎರಡನೆಯದು. 34 ವಾರ ತುಂಬಿದ ಮೇಲೆ, ಆ ಜಾಗ ಹಿಗ್ಗೋದು ರೂಢಿಯಾಗಲಿ ಅಂತ ಅದಕ್ಕೆ ಮಸಾಜ್ ಶುರು ಮಾಡಿದೆ. ಮೊದಲು ನನ್ನ ಡಾಕ್ಟರನ್ನು ಕೇಳಿದೆ. ಮಾಸು ಕೆಳಗಿದ್ದರೆ, ರಕ್ತ ಹೋಗುತ್ತಿದ್ದರೆ, ಸೋಂಕಿದ್ದರೆ, ನೀರು ಹೋಗಿದ್ದರೆ ಮಾಡಬಾರದು. ತಂಗಿಗೂ ಇದನ್ನೇ ಮೊದಲು ಹೇಳಿದೆ.

ರಾತ್ರಿ ಬಿಸಿನೀರಿನ ಜಳಕ ಆದ ಮೇಲೆ ಮಾಡುತ್ತಿದ್ದೆ. ಉಗುರು ಕತ್ತರಿಸಿ, ಕೈ ಸೋಪಿನಲ್ಲಿ ತೊಳೆದು, ಬೆನ್ನಿಗೆ ಎರಡು ದಿಂಬು ಕೊಟ್ಟು ಅರ್ಧ ಒರಗಿ ಕೂರುತ್ತಿದ್ದೆ. ಕೊಬ್ಬರಿ ಎಣ್ಣೆಯದು ಒಂದು ಹೊಸ ಸಣ್ಣ ಬಾಟಲಿ, ಅದಕ್ಕೇ ಬೇರೆ ಇಟ್ಟಿದ್ದೆ. ಹೆಬ್ಬೆರಳು ಯೋನಿಯೊಳಗೆ ಮೂರ್ನಾಲ್ಕು ಸೆಂಟಿಮೀಟರ್. ಕೆಳಕ್ಕೆ, ಮಲದ್ವಾರದ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಬೇಕು. ಉರಿದಂಗೆ, ಚುರು ಚುರು ಅಂದಂಗೆ ಆಗುತ್ತದೆ. ಎರಡೂ ಬೆರಳು ಬಾಯಿಗೆ ಹಾಕಿ ತುಟಿಯ ಮೂಲೆಗಳನ್ನು ಎಳೆದು ನೋಡಿ, ಹಾಗೇ. ಒಂದೆರಡು ನಿಮಿಷ ಹಿಡಿದರೆ ಆ ಉರಿ ತಾನೇ ಇಳಿಯುತ್ತದೆ. ಆಮೇಲೆ ತೊಟ್ಟಿಲು ತೂಗಿದಂತೆ ಆ ಕಡೆ ಈ ಕಡೆ. ಮೇಲಿನ ಭಾಗಕ್ಕೆ, ಅಂದರೆ ಉಚ್ಚೆ ಬರುವ ಕಡೆಗೆ ಒತ್ತಬಾರದು. ಒಟ್ಟು ಐದು ನಿಮಿಷ.

ಮೊದಲನೇ ದಿನ ಮೈಯೆಲ್ಲ ಬಿಗಿ ಹಿಡಿದುಬಿಟ್ಟೆ. ಹಳೇ ಹೊಲಿಗೆಯ ಗೆರೆ ಬೆರಳಿಗೆ ತಾಕಿತು, ದಾರ ಒಳಗೇ ಉಳಿದಂತೆ ಗಟ್ಟಿ. ಅವತ್ತು ಅಲ್ಲಿಗೇ ಬಿಟ್ಟೆ. ಮೂರನೇ ವಾರಕ್ಕೆ ಉಸಿರು ಬಿಡುತ್ತಾ ಆ ಜಾಗ ಸಡಿಲ ಬಿಡೋದು ಬಂತು. ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅದೇ. ಉರಿ ಬಂದಾಗ ಬಿಗಿ ಹಿಡಿಯದೆ ಇರೋದು.

ವಾರಕ್ಕೆ ಒಂದೆರಡು ಸಲ ಸಾಕು. ದಿನಾ ಮಾಡಿದರೆ ಜಾಸ್ತಿ ಲಾಭ ಅಂತ ಅಧ್ಯಯನಗಳಲ್ಲಿ ಕಂಡಿಲ್ಲ. ಚೊಚ್ಚಲ ಹೆರಿಗೆಯವರಲ್ಲಿ ಸುಮಾರು 15 ಮಂದಿ ಮಾಡಿದರೆ ಒಬ್ಬಳಿಗೆ ಹೊಲಿಗೆ ತಪ್ಪುತ್ತದೆ, ಅದೂ ಹೆಚ್ಚಾಗಿ ಕೊಯ್ಯೋದು ಕಡಿಮೆ ಆಗಿ. ಮೊದಲೇ ಹೆತ್ತವರಿಗೆ ಹೊಲಿಗೆಯಲ್ಲಿ ಅಂಥ ವ್ಯತ್ಯಾಸವಿಲ್ಲ, ಆದರೆ ಮೂರು ತಿಂಗಳ ಮೇಲೂ ಉಳಿಯುವ ನೋವು ಕಡಿಮೆ. ಇದನ್ನೂ ತಂಗಿಗೆ ಹೇಳಿದೆ. ಮಾಡಿಯೂ ಹರಿದರೆ ನನ್ನದೇ ತಪ್ಪು ಅಂತ ಅವಳು ಅಂದುಕೊಳ್ಳಬಾರದು.

ಎರಡನೇ ಹೆರಿಗೆಗೆ ಬೇರೆ ಆಸ್ಪತ್ರೆ. ನೋವು ಜೋರಾಗುವ ಮುಂಚೆಯೇ ಕೇಳಿಕೊಂಡೆ. ಅಗತ್ಯ ಬಿದ್ದರೆ ಕೊಯ್ಯಿರಿ, ಆದರೆ ನನಗೆ ಹೇಳಿ ಕೊಯ್ಯಿರಿ. ಮಗ್ಗಲಿಗೆ ಮಲಗಲು ಬಿಡಿ. ವಯಸ್ಸಾದ ಸಿಸ್ಟರ್ ಒಬ್ಬರು "ಆಗ್ಲಿ ತಂಗಿ" ಅಂದರು. ತಲೆ ಕಾಣುವ ಹೊತ್ತಿಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಇಟ್ಟರು. "ಈಗ ಜೋರ್ ಕೊಡಬ್ಯಾಡ, ನಾಯಿ ತೇಕಿದಂಗ ಉಸಿರು ಬಿಡು" ಅಂದರು. ಅದೇ ಉರಿ ಬಂತು, ನೂರು ಪಟ್ಟು. ಆದರೆ ಗುರುತಿನ ಉರಿ. ಬಿಗಿ ಹಿಡಿಯಲಿಲ್ಲ. ತಲೆ ನಿಧಾನ ಬಂತು. ಚರ್ಮ ಸ್ವಲ್ಪ ಹರಿಯಿತು, ಎರಡು ಹೊಲಿಗೆ. ಎರಡನೇ ಹೆರಿಗೆ ಹೇಗೂ ಹಗುರ, ಎಲ್ಲ ಮಸಾಜಿನಿಂದಲೇ ಅನ್ನಲಾರೆ. ಮೂರನೇ ದಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿದೆ.

ತಂಗಿಗೆ ಇದೆಲ್ಲ ಹೇಳುವಾಗ ಅವ್ವ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ ಗೊತ್ತಿಲ್ಲ. ನಾಲ್ಕು ಹೆತ್ತವಳು, ಈ ಮಾತು ನಮ್ಮ ಜೊತೆ ಒಂದು ದಿನವೂ ಆಡಿದವಳಲ್ಲ. ಬೈಯುತ್ತಾಳೇನೋ ಅಂದುಕೊಂಡೆ. ಒಳಗೆ ಬಂದು ತಂಗಿಯ ಪಕ್ಕ ಕೂತು ಕೇಳಿದಳು.

"ಆ ಅರಿವಿ ಎಷ್ಟು ಬಿಸಿ ಇರಬೇಕವಾ?"

"ಕೂಸಿನ ಜಳಕದ ನೀರಿಗಿಂತ ಒಂದೀಟು ಹೆಚ್ಚು, ಅವ್ವಾ" ಅಂದೆ. ಅವ್ವ ತನ್ನ ಮುಂಗೈ ಮುಟ್ಟಿಕೊಂಡು ನೋಡಿದಳು.