ದಮ್ಮು ಇಲ್ಲದ ದಿನವೂ ಬೇಕಾದ ಪಂಪ್

ಜನವರಿಯ ಹೊತ್ತಿಗೆ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ಚೀಲಗಳು ಬಂದು ಬೀಳತೊಡಗಿದರೆ ಅದರ ಘಾಟು ಅಂಗಡಿಗಳನ್ನು ದಾಟಿ ಓಣಿಗಳೊಳಗೂ ಹೊಗುತ್ತದೆ. ಎಲ್ಲರೂ ಸೀನುತ್ತಾರೆ, ಕೆಮ್ಮುತ್ತಾರೆ, ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಳ್ಳುತ್ತಾರೆ. ಅಸ್ತಮಾ ಇದ್ದವರಿಗೆ ಮಾತ್ರ ಹಗಲು ಕುಡಿದ ಅದೇ ಘಾಟು ನಡುರಾತ್ರಿ ಎಬ್ಬಿಸಿ ಕೂರಿಸಬಹುದು. ಅವರ ಶ್ವಾಸನಾಳಗಳ ಒಳಪದರವು ಮೊದಲೇ ಉರಿಯೂತದಿಂದ ಬಾತುಕೊಂಡಿರುತ್ತದೆ. ಘಾಟು, ಧೂಳು ಅಥವಾ ನೆಗಡಿ ತಗುಲಿದೊಡನೆ ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಬಾವು ಹೆಚ್ಚುತ್ತದೆ, ಅಂಟಾದ ಕಫ ದಾರಿ ಕಟ್ಟುತ್ತದೆ. ಉಸಿರು ಬಿಡುವಾಗ ಕೇಳಿಸುವ ಸುಂಯ್ ಎಂಬ ಸಪ್ಪಳ ಆ ಇಕ್ಕಟ್ಟಿನದು.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ದಮ್ಮು ಇಲ್ಲದ ದಿನವೂ ಈ ಬಾವು ಒಳಗೆ ಇದ್ದೇ ಇರುತ್ತದೆ. ವೈದ್ಯರು ಬರೆದುಕೊಡುವ ಸಾಲ್ಬುಟಮಾಲ್ ಪಂಪ್ (ಇನ್‌ಹೇಲರ್) ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕೈದು ತಾಸು ಕೆಲಸ ಮಾಡುತ್ತದೆ, ಆದರೆ ಬಾವನ್ನು ಮುಟ್ಟುವುದಿಲ್ಲ. ಬಾವನ್ನು ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪ್. ಅದರ ಗುಣ ದಿನಗಳೆದಂತೆ ಕಾಣುವುದರಿಂದ, ತಕ್ಷಣ ಹಾಯೆನಿಸದ ಆ ಔಷಧವನ್ನೇ ನಮ್ಮ ಜನ ಮೊದಲು ಬಿಡುತ್ತಾರೆ. 'ಗಿನಾ' ಎಂಬ ಜಾಗತಿಕ ಅಸ್ತಮಾ ಮಾರ್ಗಸೂಚಿಯು 2019ರಿಂದ, ವಯಸ್ಕರೂ ಹದಿಹರೆಯದವರೂ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರಬಾರದು ಎಂದು ಹೇಳುತ್ತಿದೆ.

"ಪಂಪ್ ಹಚ್ಚಿದರ ಚಟಾ ಬೀಳತೈತಿ, ಗುಳಿಗಿನ ಪಾಡ" ಎಂಬ ಮಾತನ್ನು ನಮ್ಮ ಕಡೆ ಮನೆಮನೆಯಲ್ಲೂ ಕೇಳುತ್ತೇನೆ. ಪಂಪ್ ಒಮ್ಮೆ ಒತ್ತಿದರೆ ಬರುವ ಸಾಲ್ಬುಟಮಾಲ್ 100 ಮೈಕ್ರೊಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಗುಳಿಗೆಯಲ್ಲಿ ಅದರ ನಲವತ್ತು ಪಟ್ಟು ಇರುತ್ತದೆ, ಅದು ಮೈಯೆಲ್ಲ ಸುತ್ತಿ ಕೈ ನಡುಗಿಸಿ ಎದೆ ಬಡಿತ ಹೆಚ್ಚಿಸುತ್ತದೆ. ಪಂಪ್‌ನ ಔಷಧ ನೇರವಾಗಿ ಬೇಕಾದಲ್ಲಿಗೇ ಹೋಗುತ್ತದೆ, ಚಟವನ್ನೂ ಹಚ್ಚುವುದಿಲ್ಲ.

ಆದರೆ ಅದು ಒಳಗೆ ಹೋಗಬೇಕು. ನಮ್ಮ ಅತ್ತಿಗೆ ಪಂಪ್ ಒತ್ತಿದಾಗ ತುಟಿಗಳ ಅಂಚಿನಿಂದ ಬಿಳಿ ಮಂಜು ಹೊರಗೆ ಬರುತ್ತಿತ್ತು. ಔಷಧ ಗಾಳಿಗೆ ಹೋಗುತ್ತಿತ್ತು, ಅವರೋ ಔಷಧವೇ ಸರಿಯಿಲ್ಲವೆಂದು ತಿಳಿದಿದ್ದರು. ಮೊದಲು ಉಸಿರನ್ನು ಪೂರ್ತಿ ಬಿಟ್ಟು, ತುಟಿ ಬಿಗಿ ಹಿಡಿದು, ನಿಧಾನವಾಗಿ ಒಳಗೆಳೆಯಲು ತೊಡಗಿದಾಗ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದರೆ ಇದು ಬಹಳ ಸುಲಭ. ಸ್ಟೀರಾಯ್ಡ್ ಪಂಪ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಕೆರಳಿಸುವ ವಸ್ತುಗಳಿಂದ ದೂರವಿರಿ ಎಂಬ ಸಲಹೆ ಸರಿಯಾದುದೇ. ಸೊಳ್ಳೆ ಬತ್ತಿ, ಕಟ್ಟಿಗೆ ಒಲೆಯ ಹೊಗೆ, ಬೀಡಿಯ ಹೊಗೆಗಳನ್ನು ಮನೆಯಿಂದ ಹೊರಹಾಕಲು ಸಾಧ್ಯ. ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬಹುದು. ಆದರೆ ಕೂಲಿಗಾಗಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ, ಗದಗಿನ ಕಡೆ ಹತ್ತಿಯ ಧೂಳಿನಲ್ಲಿ ದುಡಿಯುವವನಿಗೆ ದೂರವಿರಿ ಎಂದರೆ ಹೊಟ್ಟೆಗೆ ಏನು ಮಾಡಬೇಕು? ಮೂಗಿಗೆ ಕಟ್ಟಿದ ಸೆರಗು ಘಾಟನ್ನು ಪೂರ್ತಿ ತಡೆಯಲಾರದು. ಅಂಥವರಿಗೇ ದಿನದಿನದ ಔಷಧ ಎಲ್ಲರಿಗಿಂತ ಹೆಚ್ಚು ಬೇಕು, ಅದನ್ನು ಸುಗ್ಗಿ ಬರುವ ಮೊದಲೇ ಶುರುಮಾಡಿರಬೇಕು.

ಆದರೂ ದಮ್ಮು ಏರಿದರೆ ಮಲಗಿಸದೆ ನೆಟ್ಟಗೆ ಕೂರಿಸಿ, ಸಾಲ್ಬುಟಮಾಲ್ ಅನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಸಲ ಕೊಟ್ಟು, ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ ಮತ್ತೆ ನಾಲ್ಕು ಸಲ ಕೊಡಬೇಕು. ಆಗಲೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಂಪ್ ಕೊಡುತ್ತಲೇ ಇರಬೇಕು. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಉಬ್ಬಸದ ನಡುವೆಯೇ ಸುಂಯ್ ಸಪ್ಪಳ ಇದ್ದಕ್ಕಿದ್ದಂತೆ ನಿಂತರೆ ತಡಮಾಡದೆ 108ಕ್ಕೆ ಕರೆ ಮಾಡಿ. ಸಪ್ಪಳ ನಿಂತಿತೆಂದು ಸಮಾಧಾನಪಡಬೇಡಿ, ಗಾಳಿಯೇ ಆಡದಾದಾಗ ಹಾಗಾಗುತ್ತದೆ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೇ ಒಯ್ಯಬೇಕೆಂದು ಗಾಡಿ ಹುಡುಕುತ್ತ ಹೊತ್ತು ಕಳೆಯದೆ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ; ತುರ್ತಾಗಿ ಬೇಕಾದ ಆಮ್ಲಜನಕ, ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಅಲ್ಲಿಯೇ ಸಿಗುತ್ತವೆ.