ಯುದ್ಧಭೂಮಿಗೆ ಕಾಫಿ ಹೊತ್ತ ಸಾರ್ಜೆಂಟ್

ಕೊಯ್ಲಿನ ದಿನಗಳಲ್ಲಿ ಹತ್ತು ಗಂಟೆಯ ಕಾಫಿ ತಡವಾದರೆ ಆಳುಗಳ ಕೈ ಹೇಗೆ ನಿಧಾನವಾಗುತ್ತದೆ ಅಂತ ಮೂಡಿಗೆರೆ ಕಡೆಯ ಯಾವ ತೋಟದ ರೈಟರನ್ನು ಕೇಳಿದರೂ ಹೇಳುತ್ತಾರೆ. ಅಮೆರಿಕದ 25ನೇ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಸೈನ್ಯದಲ್ಲಿ ಮೇಲೆ ಬಂದದ್ದು ಈ ಸಂಗತಿ ಅರಿತಿದ್ದರಿಂದಲೇ.

ಹುಟ್ಟಿದ್ದು 1843ರ ಜನವರಿ 29, ಒಹಾಯೊದ ನೈಲ್ಸ್ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವನು, ಅಪ್ಪನದು ಕಬ್ಬಿಣ ಕರಗಿಸುವ ಕುಲುಮೆ. ಮಕ್ಕಳ ಓದಿಗೆಂದು 1852ರಲ್ಲಿ ಸಂಸಾರ ಪೋಲೆಂಡಿಗೆ ಹೋಯಿತು. ದೇಶವಲ್ಲ, ಒಹಾಯೊದಲ್ಲೇ ಇರುವ ಹಳ್ಳಿ. 1860ರಲ್ಲಿ ಕಾಲೇಜು ಸೇರಿ, ಕಾಯಿಲೆ ಬಿದ್ದು ವಾಪಸು ಬಂದು, ಒಂದಿಷ್ಟು ದಿನ ಮೇಷ್ಟ್ರು, ಒಂದಿಷ್ಟು ದಿನ ಅಂಚೆ ಗುಮಾಸ್ತ. 1861ರ ಜೂನ್‌ನಲ್ಲಿ, 18ರ ವಯಸ್ಸಿಗೆ, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಶುರುವಾದಾಗ, ಉತ್ತರದ ಕಡೆಯ 23ನೇ ಒಹಾಯೊ ರೆಜಿಮೆಂಟಿನಲ್ಲಿ ಸಾದಾ ಸಿಪಾಯಿ. ಅಲ್ಲಿ ಮೇಜರ್ ಆಗಿದ್ದವರು ರುದರ್‌ಫೋರ್ಡ್ ಹೇಯ್ಸ್, ಮುಂದೆ ಅವರೂ ಅಧ್ಯಕ್ಷರಾದರು. 1862ರ ಏಪ್ರಿಲ್‌ನಲ್ಲಿ ಹುಡುಗ ಕಮಿಸರಿ ಸಾರ್ಜೆಂಟ್ ಆದ, ಅಂದರೆ ರೆಜಿಮೆಂಟಿನ ದಿನಸಿ ಉಸ್ತುವಾರಿ.

ಉತ್ತರದವರ ಕಾಫಿ ಪಡಿ ಲೆಕ್ಕ ಹೀಗಿತ್ತು: 100 ಜನಕ್ಕೆ ದಿನಕ್ಕೆ ಹಸಿ ಬೀಜವಾದರೆ 10 ಪೌಂಡ್, ಹುರಿದು ಪುಡಿ ಮಾಡಿದ್ದಾದರೆ 8. ಜೊತೆಗೆ 15 ಪೌಂಡ್ ಸಕ್ಕರೆ. ಹತ್ತಕ್ಕೆ ಎಂಟು ಅಂದರೆ ಹುರಿಯುವಾಗ ಐದರಲ್ಲೊಂದು ಪಾಲು ತೂಕ ಹೋಗುತ್ತದೆಂಬ ಲೆಕ್ಕ; ಚೆನ್ನಾಗಿ ಕಪ್ಪಗೆ ಹುರಿದರೆ ನಮ್ಮಲ್ಲೂ ಸುಮಾರು ಅಷ್ಟೇ ಹೋಗೋದು. ತಲೆಗೆ 36 ಗ್ರಾಂ ಪುಡಿ ಬಂತು, ಧಾರಾಳವೇ. ಆದರೆ ಗುತ್ತಿಗೆದಾರರು ಪುಡಿಗೆ ಏನೇನೋ ಬೆರೆಸುತ್ತಾರೆಂಬ ಅನುಮಾನದಿಂದ ಸಿಪಾಯಿಗಳು ಇಡೀ ಬೀಜವನ್ನೇ ಇಷ್ಟಪಡುತ್ತಿದ್ದರು. ಪಾತ್ರೆಗೆ ಹಾಕಿ ಬಂದೂಕಿನ ಹಿಡಿಯಿಂದ ಜಜ್ಜುವುದು. ಹಾಗೆ ಜಜ್ಜಿದರೆ ಅರ್ಧ ಹಿಟ್ಟು, ಅರ್ಧ ನುಚ್ಚು: ಹಿಟ್ಟು ಕಹಿ ಬಿಡುತ್ತದೆ, ನುಚ್ಚು ಸಾರವನ್ನೇ ಬಿಡುವುದಿಲ್ಲ. ಅದಕ್ಕೇ ಕುದಿಸುವುದು, ಮೇಲೊಂದು ಹಿಡಿ ತಣ್ಣೀರು ಚಿಮುಕಿಸಿ ಗಸಿ ಕೂರಿಸುವುದು. ಉತ್ತರದವರು ಬಂದರುಗಳಿಗೆ ಹಾಕಿದ ದಿಗ್ಬಂಧನದಿಂದ ಬೀಜ ಸಿಗದ ದಕ್ಷಿಣದವರು ಚಿಕೋರಿ, ಹುರಿದ ರೈ ಕಾಳು, ಗೆಣಸಿನ ಹೋಳು ಅಂತ ಕುಡಿಯುತ್ತಿದ್ದರು. (ಚಿಕೋರಿ ಅಲ್ಲಿ ಗತಿಯಿಲ್ಲದ್ದಕ್ಕೆ, ನಮ್ಮಲ್ಲಿ ರುಚಿಗೆ.)

1862ರ ಸೆಪ್ಟೆಂಬರ್ 17, ಮೇರಿಲ್ಯಾಂಡಿನ ಆಂಟೀಟಮ್ ಹಳ್ಳದ ದಂಡೆ. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತೋ ಗಾಯಗೊಂಡೋ ಕಾಣೆಯಾಗಿಯೋ ಹೋದ ಕದನ. 23ನೇ ರೆಜಿಮೆಂಟಿನವರು ಬೆಳಗಿನಿಂದ ಹೊಟ್ಟೆಗಿಲ್ಲದೆ ಮುಂದಿನ ಸಾಲಿನಲ್ಲಿದ್ದರು, ದಿನಸಿಯೆಲ್ಲ ಹಿಂದೆ ದೂರದಲ್ಲಿತ್ತು. 500 ಜನ ಎಂದಿಟ್ಟುಕೊಳ್ಳಿ. ತಲೆಗೆ ಅರ್ಧ ಲೀಟರ್ ಕೊಟ್ಟರೂ 250 ಲೀಟರ್ ಕಾಫಿ, ಹಂಡೆಗಳ ಭಾರ ಬೇರೆ. ತಲೆಹೊರೆಯಲ್ಲಿ ಆಗುವ ಮಾತಲ್ಲ. ಮೆಕಿನ್ಲಿ ಹೇಸರಗತ್ತೆ ಗಾಡಿಗಳಿಗೆ ಕಾಫಿ, ಊಟ ಹೇರಿಸಿಕೊಂಡು ಹೊರಟ. ದಾರಿಯಲ್ಲಿ ಹಿಂತಿರುಗಲು ಹೇಳಿದರೂ ಕೇಳಲಿಲ್ಲ. ಒಂದು ಗಾಡಿಯ ಹೇಸರಗತ್ತೆಗಳು ಪೆಟ್ಟು ತಿಂದು ನಿಂತವು, ಇನ್ನೊಂದು ತಲುಪಿತು.

ಹೇಯ್ಸ್ ಇದನ್ನು ಕಣ್ಣಾರೆ ಕಂಡರು ಎಂಬ ಮಾತೊಂದಿದೆ, ತಪ್ಪು. ಮೂರು ದಿನ ಮೊದಲು ಸೌತ್ ಮೌಂಟನ್‌ನಲ್ಲಿ ಎಡಗೈಗೆ ಗುಂಡು ಬಿದ್ದು ಅವರು ಮಲಗಿದ್ದರು. ಕೇಳಿ ತಿಳಿದು ಗವರ್ನರಿಗೆ ಶಿಫಾರಸು ಮಾಡಿದರು. ಸಾರ್ಜೆಂಟ್ ಸೆಕೆಂಡ್ ಲೆಫ್ಟಿನೆಂಟ್ ಆದ.

ಮುಂದಿನದು ಬೇಗ ಹೇಳಬಹುದು. 1863ರಲ್ಲಿ ಫಸ್ಟ್ ಲೆಫ್ಟಿನೆಂಟ್. 1864ರ ಜುಲೈ 24ರಂದು ಕರ್ನ್‌ಸ್ಟೌನ್‌ನಲ್ಲಿ, ಸೈನ್ಯ ಹಿಂದೆ ಸರಿಯುವಾಗ ಒಂದು ರೆಜಿಮೆಂಟ್ ಸುದ್ದಿ ತಿಳಿಯದೆ ಅಲ್ಲೇ ಉಳಿದಿತ್ತು. ಗುಂಡಿನ ಮಳೆಯಲ್ಲೇ ಕುದುರೆ ಓಡಿಸಿ ಅವರಿಗೆ ಆದೇಶ ಮುಟ್ಟಿಸಿದ, ಮರುದಿನವೇ ಕ್ಯಾಪ್ಟನ್. 1865ರ ಮಾರ್ಚ್‌ನಲ್ಲಿ ಗೌರವ ಮೇಜರ್ ಪದವಿ, ಪತ್ರದ ಮೇಲೆ ಲಿಂಕನ್ ಸಹಿ. ಅಧ್ಯಕ್ಷನಾದ ಮೇಲೂ ಹಳೆಯ ಪರಿಚಯಸ್ಥರು ಕರೆಯುತ್ತಿದ್ದದ್ದು ‘ಮೇಜರ್’ ಎಂದೇ.

ಆಂಟೀಟಮ್‌ನಲ್ಲಿ 1903ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ಅದರ ಮೇಲೆ ಕೆತ್ತಿರುವುದು ಅಧ್ಯಕ್ಷಗಿರಿಯನ್ನಷ್ಟೇ ಅಲ್ಲ. ಯಾರ ಅಪ್ಪಣೆಯೂ ಇಲ್ಲದೆ ರೆಜಿಮೆಂಟಿನ ಪ್ರತಿಯೊಬ್ಬನಿಗೂ ಬಿಸಿ ಕಾಫಿ ಕೊಟ್ಟನೆಂಬ ಮಾತನ್ನೂ.