ಶೇಡಿಯೂ ಸರೋವರದ ಜೇಡಿಯೂ

ಕೆನಡಾದ ವಿನಿಪೆಗ್‌ನಲ್ಲಿ ರೆಡ್ ನದಿಯ ದಂಡೆಯೊಳಗೆ ಕೊಳವೆ ಇಳಿಸಿ ತೆಗೆದ ಮಣ್ಣನ್ನು ಈ ವಾರ ಸೀಳಿ ನೋಡಿದೆ. ಮೇಲಿನ ಕಂದು ಜೇಡಿಗೆ ಉಗುರು ಒತ್ತಿದರೂ ಗುರುತು ಬೀಳುವುದು ಕಷ್ಟ. ಎಂಟು ಮೀಟರ್ ಆಳದ್ದು ಬೂದು ಬಣ್ಣ, ಹೆಬ್ಬೆರಳು ಸಲೀಸಾಗಿ ಇಳಿಯಿತು. ಅಂಗೈಯಲ್ಲಿ ಹೊಸೆದರೆ ಶ್ಯಾವಿಗೆಯಂತೆ ತುಂಡಾಗದೆ ಎಳೆಯಾಗುತ್ತ ಹೋಯಿತು.

ಇದು ಅಗಾಸಿಜ್ ಎಂಬ ಸರೋವರದ ತಳದ ಹೂಳು. ಹಿಮಯುಗದ ಕೊನೆಯಲ್ಲಿ ಕರಗಿದ ನೀರಿಗೆ ಉತ್ತರದಲ್ಲಿ ಹಿಮದ ಗೋಡೆ ಅಡ್ಡವಾಗಿ ಸರೋವರ ಕಟ್ಟಿತು. ಅದು ಬರಿದಾಗಿ 8,000 ವರ್ಷ ದಾಟಿದೆ. ಮೇಲಿನ ಗಟ್ಟಿತನವನ್ನು ನಂಬಿದವರಿಗೆ 1913ರಲ್ಲೇ ಪಾಠವಾಗಿತ್ತು. ಇಲ್ಲಿನ ಟ್ರಾನ್ಸ್‌ಕೋನಾದ ಹೊಸ ಧಾನ್ಯದ ಕಣಜ, ಕಾಳು ತುಂಬಿಸುತ್ತಿದ್ದಾಗಲೇ ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿತು.

ನದಿದಂಡೆ ಹೆಚ್ಚಾಗಿ ಜಾರುವುದು ನೆರೆ ಏರಿದಾಗಲ್ಲ, ಇಳಿದ ಮೇಲೆ. ಶರತ್ಕಾಲದಲ್ಲಿ ಲಾಕ್‌ಪೋರ್ಟ್‌ನ ಕಟ್ಟೆ ತೆರೆದು ನದಿಯ ಮಟ್ಟ ಇಳಿಸುತ್ತಾರೆ. ದಂಡೆಗೆ ಆನಿಕೊಂಡು ಆಸರೆಯಾಗಿದ್ದ ನೀರು ಹೊರಟುಹೋಗುತ್ತದೆ, ಜೇಡಿಯೊಳಗಿನ ನೀರಿಗೆ ಅಷ್ಟು ಬೇಗ ದಾರಿ ಸಿಗದೆ ಅದರ ಒತ್ತಡ ಉಳಿಯುತ್ತದೆ. ಒಮ್ಮೆ ಜಾರಿದರೆ ಕಣಗಳು ಜಾರಿದ ದಿಕ್ಕಿಗೇ ಮಲಗಿ ಹಿಡಿತ ಕಳೆದುಕೊಳ್ಳುತ್ತವೆ. ಮತ್ತೆ ಅದೇ ಜಾಗ, ಅದೇ ಜಾರು.

ಇದನ್ನು ಫೋನಿನಲ್ಲಿ ಹೇಳಿದಾಗ ಅಂಕೋಲೆಯಿಂದ ಅಪ್ಪಯ್ಯ, "ನಮ್ಮ ಹಿತ್ತಿಲ ಧರೆ ಚಿರೆಕಲ್ಲಿನದು, ಚಿಂತೆಯಿಲ್ಲ" ಎಂದರು. ಧರೆಯೆಂದರೆ ಗುಡ್ಡ ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆ; ಚಿರೆಕಲ್ಲು ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ.

"ಚಿರೆಕಲ್ಲಿನ ಕೆಳಗೆ ಇರುವುದು ಶೇಡಿಯಲ್ಲವೇ, ಅಪ್ಪಯ್ಯ?"

ಅವರು ಸುಮ್ಮನಾದರು. ಬಾವಿ ತೋಡಿದಾಗ ಬಂದ ಆ ಬಿಳಿ ಮಣ್ಣನ್ನು ಕಲಸಿ ಆಯಿ ಹಬ್ಬಕ್ಕೆ ಹೊಸಿಲು ಬರೆಯುತ್ತಿದ್ದಳು. ಒಣಗಿದ್ದಾಗ ಗುದ್ದಲಿಗೂ ಜಗ್ಗದ ಶೇಡಿ, ನೀರು ಕುಡಿದರೆ ಬೆರಳಿನಲ್ಲಿ ಕದಡಿಹೋಗುತ್ತದೆ. ಅದು ಬಂಡೆ ಅಲ್ಲೇ ಕೊಳೆತು ಆದದ್ದು, ಇಲ್ಲಿನ ಜೇಡಿ ಸರೋವರದಲ್ಲಿ ಇಳಿದದ್ದು. ಹುಟ್ಟು ಬೇರೆ. ಆದರೆ ಎರಡೂ ಕಡೆ ಗಟ್ಟಿ ಪದರ ಮೇಲಿದೆ, ಸೋಲುವುದು ಅಡಿಯದ್ದು.

2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಇಳಿದ ಸುದ್ದಿ ಬಂದಾಗ ನನಗೆ ಇಲ್ಲಿ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಆದ್ದರಿಂದಲೇ ಊರಿನವರಲ್ಲಿ ಕೇಳಿಕೊಳ್ಳುತ್ತೇನೆ: ಧರೆಯ ಬುಡವನ್ನಷ್ಟೇ ನೋಡಬೇಡಿ, ತಲೆಯ ಮೇಲೆ ಹತ್ತಿ ನೋಡಿ. ಬಿರುಕು ಮೊದಲು ಕಾಣುವುದು ಅಲ್ಲಿ. ಬುಡದಲ್ಲಿ ಹೊಸದಾಗಿ ಕೆಸರು ನೀರು ಜಿನುಗಿದರೆ ಆ ರಾತ್ರಿ ಮನೆಯಲ್ಲಿ ಮಲಗಬೇಡಿ.

ನಿನ್ನೆ ಅಪ್ಪಯ್ಯ ಒಂದು ಚಿತ್ರ ಕಳುಹಿಸಿದ್ದಾರೆ. ಹಲಸಿನ ಬುಡದಿಂದ ಬೇಲಿಯವರೆಗೆ ಬೆರಳಗಲದ ಬಿರುಕು. ಮಳೆಗಾಲಕ್ಕೆ ಮೊದಲು ಅದಕ್ಕೆ ಮಣ್ಣು ಮೆತ್ತಿ, ಮೇಲಿನ ನೀರನ್ನು ಕಾಲುವೆ ತೆಗೆದು ಆಚೆ ತಿರುಗಿಸಬೇಕು. ಕೊಟ್ಟಿಗೆಯನ್ನು ಅಂಗಳದ ಕಡೆಗೆ ತರಲು ಅವರು ಒಪ್ಪಿದ್ದಾರೆ.